ಮೂರೂವರೆ ವ್ಯಾಟಿನ ಸಂಗೀತ

ನೂರು ವ್ಯಾಟ್ ಶಕ್ತಿಯ ಆಂಪ್ಲಿಫೈಯರು ಅಂಗೈಯಗಲದ ಪೆಟ್ಟಿಗೆಯಲ್ಲಿ ಅಡಕವಾಗಿ ಸುಲಭಬೆಲೆಗೆ ದೊರೆಯುವ ಈ ಕಾಲದಲ್ಲಿ, ತೊಂಬತ್ತು ವರ್ಷಗಳ ಹಿಂದೆ ರೂಪುಗೊಂಡ ಗಾಜಿನ ವಾಲ್ವೊಂದನ್ನು ಕಾಯಿಸಿ, ಅದಕ್ಕೆ ಇಪ್ಪತ್ತು ವ್ಯಾಟಿಗೂ ಮಿಕ್ಕ ವಿದ್ಯುತ್ತನ್ನು ಉಣಿಸಿ, ಕಟ್ಟಕಡೆಗೆ ಸ್ಪೀಕರಿನ ಪಾಲಿಗೆ ಮೂರೂವರೆ ವ್ಯಾಟನ್ನು ಮಾತ್ರ ಉಳಿಸಿಕೊಡುವ ಯಂತ್ರವನ್ನು ಶ್ರದ್ಧೆಯಿಂದ ಕಟ್ಟುವ ರಸಿಕರು ಜಪಾನಿನಲ್ಲಿಯೂ ಫ್ರಾನ್ಸಿನಲ್ಲಿಯೂ ಅಮೆರಿಕದಲ್ಲಿಯೂ, ವಿರಳವಾಗಿಯಾದರೂ ನಮ್ಮ ಬೆಂಗಳೂರಿನಲ್ಲಿಯೂ ಇದ್ದಾರೆ. ಇಂಥ ಟ್ರಯೋಡ್ ವಾಲ್ವು ಹಾಡುಗಾರನ ಕಂಠವನ್ನು ಇದ್ದುದು ಇದ್ದ ಹಾಗೆ ಕೇಳಿಸುತ್ತದೆ, ಟ್ರಾನ್ಸಿಸ್ಟರು ಅದರ ಶವವನ್ನು ಮಾತ್ರ ತಂದೊಪ್ಪಿಸುತ್ತದೆ ಎಂಬುದು ಇವರ ದೃಢಮತ. ಮೀಟರನ್ನು ನಂಬಿದ ಎಂಜಿನಿಯರು ಇದನ್ನು ಕೇಳಿ ನಗುತ್ತಾನೆ. ಶೇಕಡಾ ೫ರಷ್ಟು ವಿಕೃತಿಯನ್ನು ತಾನಾಗಿ ಬೆರೆಸುವ ಸಾಧನಕ್ಕೆ ಸತ್ಯಸಂಧನೆಂಬ ಬಿರುದು ಹೇಗೆ ಸಲ್ಲೀತು ಎಂಬುದು ಅವನ ಆಕ್ಷೇಪ. ವಾದಿ ಪ್ರತಿವಾದಿಗಳಿಬ್ಬರೂ ಮೇಜಿನ ಮೇಲೆ ಹೊಳೆಯುವ ವಾಲ್ವನ್ನೇ ದಿಟ್ಟಿಸುತ್ತ ಕುಳಿತು, ಕೋಣೆಯ ಮೂಲೆಯಲ್ಲಿ ನಿಂತ ಸ್ಪೀಕರನ್ನು ಮರೆತಿದ್ದಾರೆಂದು ನನಗೆ ತೋರುತ್ತದೆ. ಈ ಪದ್ಧತಿಯಲ್ಲಿ ಶ್ಲಾಘ್ಯವಾದುದರಲ್ಲಿ ಹೆಚ್ಚಿನ ಭಾಗ ಸ್ಪೀಕರಿನಿಂದ ಬಂದುದು. ವಾಲ್ವಿಗೆ ಸಲ್ಲುತ್ತಿರುವ ಕೀರ್ತಿಯಲ್ಲಿ ಬಹುಪಾಲು ಎರವಿನದು.

ವಿಚಾರಣೆಗೆ ಆರ್‌ಸಿಎ ಸಂಸ್ಥೆ ೧೯೩೩ರಲ್ಲಿ ಹೊರತಂದ ೨ಎ೩ ಎಂಬ ಟ್ರಯೋಡನ್ನೇ ತೆಗೆದುಕೊಳ್ಳೋಣ. ಇದರಲ್ಲಿ ತಂತುವೇ ಕ್ಯಾಥೋಡು. ಕಾಯಿಸುವುದಕ್ಕೊಂದು, ಇಲೆಕ್ಟ್ರಾನುಗಳನ್ನು ಹೊರಸೂಸುವುದಕ್ಕೆ ಇನ್ನೊಂದು ಎಂಬ ವಿಭಾಗವಿಲ್ಲ; ಸಣ್ಣ ಕೊಕ್ಕೆಗಳಿಂದ ತೂಗಿಬಿಟ್ಟ ತಂತಿಯ ಎಳೆಗಳು ಎರಡೂವರೆ ವೋಲ್ಟಿನಲ್ಲಿ ಎರಡೂವರೆ ಆಂಪಿಯರು ಕುಡಿದು ಮಂದವಾದ ಕಿತ್ತಳೆಬಣ್ಣಕ್ಕೆ ತಿರುಗುತ್ತವೆ. ಅವುಗಳ ಸುತ್ತ ಗ್ರಿಡ್ಡು, ಅದರಾಚೆ ಬೂದುಬಣ್ಣದ ಪ್ಲೇಟು. ಒಳಗೆ ಇರುವುದು ಈ ಮೂರೇ ಅಂಗ. ಪ್ಲೇಟಿಗೆ ೨೫೦ ವೋಲ್ಟಿನಲ್ಲಿ ೬೦ ಮಿಲಿಆಂಪಿಯರು, ಎಂದರೆ ೧೫ ವ್ಯಾಟ್, ಸಂಗೀತವಿರಲಿ ಇಲ್ಲದಿರಲಿ ಸತತವಾಗಿ ಹರಿಯುತ್ತಲೇ ಇರುತ್ತದೆ. ತಯಾರಕರ ಪಟ್ಟಿಯಲ್ಲಿ ಇದರಿಂದ ದೊರೆಯುವ ಶಕ್ತಿ ೩.೫ ವ್ಯಾಟ್ ಎಂದೂ, ಆ ಮಟ್ಟದಲ್ಲಿ ಎರಡನೆಯ ಉಪಸ್ವರದ ವಿಕೃತಿ ಶೇಕಡಾ ೫ ಎಂದೂ ಮುಚ್ಚುಮರೆಯಿಲ್ಲದೆ ನಮೂದಿಸಿದೆ. ಶಕ್ತಿಯಲ್ಲಿ ಇದರ ಹಿರಿಯ ದಾಯಾದಿಯಾಗಿ, ವೆಸ್ಟರ್ನ್ ಎಲೆಕ್ಟ್ರಿಕ್ ಸಂಸ್ಥೆಯ ಚಿತ್ರಮಂದಿರದ ಉಪಕರಣಗಳಿಗಾಗಿ ಹುಟ್ಟಿ ೧೯೩೮ರಲ್ಲಿ ತನ್ನ ಪ್ರಸಿದ್ಧ ರೂಪವನ್ನು ತಳೆದ ೩೦೦ಬಿ ವಾಲ್ವು ಎಂಟು ವ್ಯಾಟಿನವರೆಗೆ ಕೊಡಬಲ್ಲದು. ಇಂದು ಪೂಜೆಗೊಳ್ಳುತ್ತಿರುವ ಮೂರ್ತಿ ಅದೇ. ಆದರೆ ನ್ಯಾಯದ ದೃಷ್ಟಿಯಿಂದ ತಮ್ಮನ ಸ್ವಭಾವ ಅಣ್ಣನದಕ್ಕಿಂತ ಬಹಳ ಭಿನ್ನವಲ್ಲ. ಬೆಲೆ ಮಾತ್ರ ಭಿನ್ನ.

ಇಷ್ಟು ಅಲ್ಪಶಕ್ತಿಯಿಂದ ಒಂದು ಮನೆಯನ್ನು ನಾದದಿಂದ ತುಂಬಿಸುವುದು ಸಾಧ್ಯವೆ ಎಂಬ ಪ್ರಶ್ನೆಗೆ ಉತ್ತರ ಡೆಸಿಬೆಲ್ಲಿನ ಲೆಕ್ಕದಲ್ಲಿದೆ. ಈಗ ಸಾಮಾನ್ಯವಾದ ಚಿಕ್ಕ ಪೆಟ್ಟಿಗೆಯ ಸ್ಪೀಕರಿಗೆ ಒಂದು ವ್ಯಾಟನ್ನು ಕೊಟ್ಟರೆ ಒಂದು ಮೀಟರ್ ದೂರದಲ್ಲಿ ಸುಮಾರು ೮೬ ಡೆಸಿಬೆಲ್ ಧ್ವನಿ ಹುಟ್ಟುತ್ತದೆ. ಕೊಟ್ಟ ವಿದ್ಯುತ್ತಿನಲ್ಲಿ ಶೇಕಡಾ ೦.೨೫ರಷ್ಟು ಮಾತ್ರ ಶಬ್ದವಾಗಿ, ಮಿಕ್ಕುದೆಲ್ಲ ಸುರುಳಿಯಲ್ಲಿ ಶಾಖವಾಗಿ ಸೋರಿಹೋಗುತ್ತದೆಂದು ಇದರರ್ಥ. ಕಹಳೆಯಂತೆ ಬಾಯಗಲಿಸಿದ ದೊಡ್ಡ ಹಾರ್ನ್ ಸ್ಪೀಕರಾದರೋ ಅದೇ ಒಂದು ವ್ಯಾಟಿಗೆ ೧೦೪ ಡೆಸಿಬೆಲ್ ಮುಟ್ಟುತ್ತದೆ. ಎರಡರ ನಡುವಣ ಅಂತರ ಹದಿನೆಂಟೇ ಆದರೂ, ಈ ಮಾನ ಗುಣಾಕಾರದ್ದಾದುದರಿಂದ, ಹಾರ್ನಿನ ಮುಂದೆ ೨ಎ೩ ಮೂರೂವರೆ ವ್ಯಾಟಿನಿಂದ ಮಾಡುವ ಕೆಲಸವನ್ನು ಚಿಕ್ಕ ಪೆಟ್ಟಿಗೆಯಿಂದ ಮಾಡಿಸಬೇಕಾದರೆ ಇನ್ನೂರಿಪ್ಪತ್ತು ವ್ಯಾಟ್ ಬೇಕಾಗುತ್ತದೆ. ಹೀಗಿರಲು, ಆಂಪ್ಲಿಫೈಯರು ದುರ್ಬಲವೋ ಪ್ರಬಲವೋ ಎಂಬ ಮಾತಿಗೆ ಸ್ಪೀಕರನ್ನು ಹೆಸರಿಸದೆ ಅರ್ಥವೇ ಇಲ್ಲ.

ಲೆಕ್ಕ ಇಲ್ಲಿಗೇ ಮುಗಿಯುವುದಾಗಿದ್ದರೆ ಈ ವಿಮರ್ಶೆಯ ಅಗತ್ಯವಿರುತ್ತಿರಲಿಲ್ಲ. ಒಂಟಿ ಟ್ರಯೋಡಿನಲ್ಲಿ ವಿಕೃತಿಯು ಧ್ವನಿಯ ಪ್ರಮಾಣದೊಡನೆಯೇ ಏರಿ ಇಳಿಯುತ್ತದೆ. ಪೂರ್ಣಶಕ್ತಿಯಲ್ಲಿ ಶೇಕಡಾ ೫ ಇದ್ದದ್ದು ಕಂಪನದ ವಿಸ್ತಾರ ಹತ್ತರಲ್ಲೊಂದಾದಾಗ ಶೇಕಡಾ ಅರ್ಧಕ್ಕೆ ಇಳಿದಿರುತ್ತದೆ. ಮನೆಯಲ್ಲಿ ನೆಮ್ಮದಿಯಾಗಿ ಕೇಳುವ ೮೪ ಡೆಸಿಬೆಲ್ ಮಟ್ಟಕ್ಕೆ ಹಾರ್ನು ಬೇಡುವುದು ವ್ಯಾಟಿನ ನೂರನೆಯ ಒಂದು ಭಾಗ. ಆಗ ವಾಲ್ವಿನ ವಿಕೃತಿ ಶೇಕಡಾ ೦.೩ರ ಆಸುಪಾಸಿನಲ್ಲಿರುತ್ತದೆ. ಅದೇ ವಾಲ್ವು ಚಿಕ್ಕ ಪೆಟ್ಟಿಗೆಯಿಂದ ಅದೇ ೮೪ನ್ನು ಹೊರಡಿಸಲು ಹೆಣಗುವಾಗ ಅರ್ಧ ವ್ಯಾಟನ್ನು ಮೀರಬೇಕಾಗಿ, ವಿಕೃತಿ ಶೇಕಡಾ ೨ನ್ನು ದಾಟುತ್ತದೆ. ಇನ್ನು ಮೃದಂಗದ ಒಂದು ಗುಮಕಿ ಸರಾಸರಿ ಮಟ್ಟಕ್ಕಿಂತ ಇಪ್ಪತ್ತು ಡೆಸಿಬೆಲ್ ಮೇಲಕ್ಕೆ ಚಿಮ್ಮಿತೆನ್ನಿ, ಹಾರ್ನು ಒಂದು ವ್ಯಾಟಿನಲ್ಲಿ ಅದನ್ನು ನಿಭಾಯಿಸಿ ಸುಮ್ಮನಾಗುತ್ತದೆ. ಪೆಟ್ಟಿಗೆಯಾದರೆ ಅರವತ್ತಕ್ಕೂ ಮೇಲ್ಪಟ್ಟು ಕೇಳುತ್ತದೆ, ಪಾಪ, ವಾಲ್ವಿನ ಬಳಿ ಅದೆಲ್ಲಿಂದ ಬಂದೀತು! ಹಾರ್ನಿನ ಮುಂದೆ ಶುದ್ಧನೆನಿಸಿದವನೇ ಪೆಟ್ಟಿಗೆಯ ಮುಂದೆ ಕಲುಷಿತನಾಗುವುದನ್ನು ಕಂಡ ಮೇಲೂ ಶುದ್ಧಿಯನ್ನು ವಾಲ್ವಿನ ಜನ್ಮಗುಣವೆಂದು ವರ್ಣಿಸುವುದು ನ್ಯಾಯವಲ್ಲ.

ಹಾಗಾದರೆ ಎಲ್ಲರೂ ಹಾರ್ನನ್ನೇ ಇಟ್ಟುಕೊಳ್ಳಬಾರದೇಕೆ? ಸ್ಥಳವಿಲ್ಲ, ಅದಕ್ಕೆ. ಸೆಕೆಂಡಿಗೆ ೪೦ ಕಂಪನಗಳ ಮಂದ್ರಧ್ವನಿಯ ಅಲೆಯ ಉದ್ದ ಎಂಟೂವರೆ ಮೀಟರು. ಬಯಲಿನಲ್ಲಿ ನಿಂತ ಹಾರ್ನು ಅದನ್ನು ಸರಿಯಾಗಿ ಹೊರಡಿಸಬೇಕಾದರೆ ಬಾಯಿಯ ಸುತ್ತಳತೆಯೂ ಅಷ್ಟಿರಬೇಕು, ಎಂದರೆ ಅಡ್ಡಳತೆ ಒಂಬತ್ತು ಅಡಿಗೆ ಸಮೀಪಿಸುತ್ತದೆ. ಅಮೆರಿಕದ ಅರ್ಕಾನ್ಸಾ ರಾಜ್ಯದ ಹೋಪ್ ಎಂಬ ಊರಿನಲ್ಲಿ ಪಾಲ್ ಕ್ಲಿಪ್ಶ್ ಎಂಬಾತನು ೧೯೪೬ರಲ್ಲಿ ಸಂಸ್ಥೆ ಕಟ್ಟಿ ಮಾರತೊಡಗಿದ ಕ್ಲಿಪ್ಶ್‌ಹಾರ್ನು ಈ ತೊಡಕನ್ನು ಬಿಡಿಸಿದ ಬಗೆ ಇಂದಿಗೂ ಮೆಚ್ಚತಕ್ಕದ್ದು: ಮಂದ್ರದ ಹಾರ್ನನ್ನು ಮಡಿಸಿ ಮಡಿಸಿ ಪೆಟ್ಟಿಗೆಯೊಳಗಿಟ್ಟು, ಅದನ್ನು ಕೋಣೆಯ ಮೂಲೆಗೆ ಒತ್ತರಿಸಿ, ಎರಡು ಗೋಡೆಗಳನ್ನೂ ನೆಲವನ್ನೂ ಹಾರ್ನಿನ ಮುಂದುವರಿದ ಭಾಗವನ್ನಾಗಿ ಮಾಡಿಕೊಂಡದ್ದು. ಮೂಲೆಯಲ್ಲಿಟ್ಟ ಹಾರ್ನಿಗೆ ಬಾಯಿಯ ವಿಸ್ತೀರ್ಣ ಎಂಟರಲ್ಲೊಂದು ಭಾಗ ಸಾಕು. ಆದರೂ ಅದು ನಾಲ್ಕಡಿಗೂ ಎತ್ತರದ ಬೀರುವೇ ಸರಿ, ಮತ್ತು ಬಾಗಿಲು ಕಿಟಕಿಗಳಿಂದ ಹರಿದುಹೋಗದ ಎರಡು ಮೂಲೆಗಳುಳ್ಳ ಕೋಣೆ ಇಂದಿನ ಫ್ಲ್ಯಾಟುಗಳಲ್ಲಿ ಎಷ್ಟರಮಟ್ಟಿಗೆ ಸಿಕ್ಕೀತೆಂಬುದನ್ನು ಓದುಗರೇ ಊಹಿಸಬಹುದು.

೧೯೫೪ರಲ್ಲಿ ಎಡ್ಗರ್ ವಿಲ್ಚರ್ ತನ್ನ ಎಆರ್-೧ ಸ್ಪೀಕರಿನಲ್ಲಿ, ಮುಚ್ಚಿದ ಚಿಕ್ಕ ಪೆಟ್ಟಿಗೆಯ ಗಾಳಿಯನ್ನೇ ಸ್ಪ್ರಿಂಗಿನಂತೆ ದುಡಿಸಿಕೊಂಡು, ಕಪಾಟಿನ ಮೇಲಿಡಬಹುದಾದ ಗಾತ್ರದಿಂದ ಆಳವಾದ ಮಂದ್ರವನ್ನು ಹೊರಡಿಸಿ ತೋರಿಸಿದಾಗ ಹಾರ್ನಿನ ಯುಗಕ್ಕೆ ತೆರೆ ಬಿತ್ತು. ತೆತ್ತ ಬೆಲೆ ದಕ್ಷತೆ. ಚಿಕ್ಕ ಗಾತ್ರ, ಆಳವಾದ ಮಂದ್ರ, ಹೆಚ್ಚಿನ ದಕ್ಷತೆ ಇವು ಮೂರರಲ್ಲಿ ಎರಡನ್ನು ಮಾತ್ರ ಪಡೆಯಬಹುದೆಂಬ ನಿಯಮವನ್ನು ಹಾಫ್‌ಮನ್ನನ ಕಬ್ಬಿಣದ ನಿಯಮವೆನ್ನುತ್ತಾರೆ. ಈ ಆಂಟನ್ ಹಾಫ್‌ಮನ್ ಪಿಯಾನೋ ವಾದಕ ಜೋಸೆಫ್ ಹಾಫ್‌ಮನ್ನನ ಮಗನೆಂಬುದು ಪ್ರಾಸಂಗಿಕವಾಗಿ ನೆನೆಯತಕ್ಕ ಸಂಗತಿ. ದಕ್ಷತೆ ಹೋದಮೇಲೆ ಶಕ್ತಿ ಬೇಕಾಯಿತು. ಅದಕ್ಕೆ ಸಿದ್ಧತೆ ಮೊದಲೇ ನಡೆದಿತ್ತು. ಹೊರಬಂದ ಸಂಕೇತದ ಒಂದಂಶವನ್ನು ಹಿಂದಕ್ಕೆ ತಂದು ತಪ್ಪನ್ನು ತಪ್ಪಿನಿಂದಲೇ ತಿದ್ದುವ ನೆಗೆಟಿವ್ ಫೀಡ್‌ಬ್ಯಾಕ್ ಉಪಾಯ ೧೯೨೭ರಲ್ಲಿ ಹೆರಾಲ್ಡ್ ಬ್ಲ್ಯಾಕ್ ಎಂಬ ಎಂಜಿನಿಯರನಿಗೆ ಹಡ್ಸನ್ ನದಿಯ ದೋಣಿಯಲ್ಲಿ ಹೊಳೆದಿತ್ತು; ಬ್ರಿಟನ್ನಿನ ವಿಲಿಯಮ್‌ಸನ್ ೧೯೪೭ರಲ್ಲಿ ಎರಡು ಕೆಟಿ೬೬ ವಾಲ್ವುಗಳನ್ನು ಎದುರುಬದುರು ದುಡಿಸಿ, ಈ ಉಪಾಯದ ಬಲದಿಂದ ೧೫ ವ್ಯಾಟಿನಲ್ಲಿ ವಿಕೃತಿಯನ್ನು ಶೇಕಡಾ ೦.೧ಕ್ಕೆ ಇಳಿಸಿದ್ದನು. ಒಂಟಿ ಟ್ರಯೋಡು ಮೂಲೆಗುಂಪಾದುದು ಅನ್ಯಾಯದಿಂದಲ್ಲ, ಸೋತದ್ದರಿಂದ.

ಸೋತದ್ದನ್ನು ಎತ್ತಿಹಿಡಿದವರು ಮುಖ್ಯವಾಗಿ ಜಪಾನೀಯರು. ಅಮೆರಿಕದ ಚಿತ್ರಮಂದಿರಗಳು ಕಳಚಿ ಎಸೆದ ಹಾರ್ನುಗಳನ್ನೂ ಆಂಪ್ಲಿಫೈಯರುಗಳನ್ನೂ ಅವರು ಹಡಗಿನಲ್ಲಿ ತರಿಸಿಕೊಂಡರು. ೧೯೭೦ರ ದಶಕದಲ್ಲಿ ಜ್ಯಾಂ ಹಿರಾಗಾ ಎಂಬ ಲೇಖಕನು ಈ ರುಚಿಯನ್ನು ಫ್ರಾನ್ಸಿನವರಿಗೆ ಹತ್ತಿಸಿ, ವಿಕೃತಿಯ ಮೊತ್ತಕ್ಕಿಂತ ಅದರ ಜಾತಿ ಮುಖ್ಯವೆಂದು ವಾದಿಸಿದನು.

ಆ ವಾದವನ್ನು ನಮ್ಮ ಸಂಗೀತದ ಕಿವಿಯಿಂದಲೇ ಒರೆಹಚ್ಚಬಹುದು. ಟ್ರಯೋಡು ಬೆರೆಸುವುದು ಬಹುತೇಕ ಎರಡನೆಯ ಉಪಸ್ವರವನ್ನು. ಮಧ್ಯ ಷಡ್ಜಕ್ಕೆ ತಾರ ಷಡ್ಜವನ್ನು. ಶ್ರುತಿಗೆ ಶ್ರುತಿಯೇ ಸೇರಿದರೆ ಕಂಠಕ್ಕೆ ಸ್ವಲ್ಪ ಮೈ ತುಂಬಿದಂತಾಗುವುದೇ ಹೊರತು ಅಪಸ್ವರವೇಳುವುದಿಲ್ಲ. ಎರಡು ಸ್ವರಗಳು ಒಟ್ಟಿಗೆ ನುಡಿದಾಗ ವಾಲ್ವು ಅವುಗಳ ಕಂಪನಸಂಖ್ಯೆಗಳ ಮೊತ್ತವನ್ನೂ ವ್ಯತ್ಯಾಸವನ್ನೂ ಕೂಡ ಹುಟ್ಟಿಸುತ್ತದೆ. ತಂಬೂರಿಯ ಮಂದ್ರ ಷಡ್ಜ ಪಂಚಮಗಳು ಎರಡಕ್ಕೆ ಮೂರರ ಪ್ರಮಾಣದಲ್ಲಿರುವುದರಿಂದ ಅವುಗಳ ವ್ಯತ್ಯಾಸ ಒಂದು ಸ್ಥಾಯಿ ಕೆಳಗಿನ ಷಡ್ಜ. ಮೊತ್ತ ಐದು, ಎಂದರೆ ಅಂತರ ಗಾಂಧಾರ. ಚೆನ್ನಾಗಿ ಶ್ರುತಿಗೂಡಿದ ತಂಬೂರಿಯಲ್ಲಿ ಯಾರೂ ಮೀಟದೆ ತಾನಾಗಿ ಏಳುವ ಸ್ವಯಂಭೂ ಗಾಂಧಾರ ಇದೇ ಅಲ್ಲವೆ! ಆದುದರಿಂದ ತಂಬೂರಿಯ ಧ್ವನಿಮುದ್ರಿಕೆಯನ್ನು ಈ ಯಂತ್ರದಲ್ಲಿ ಕೇಳಿದವರು ಪರವಶರಾಗುವುದು ಸಹಜ. ಯಂತ್ರದ ಸುಳ್ಳು ವಾದ್ಯದ ಸತ್ಯದೊಡನೆ ಕೂಡಿಹೋಗಿ ಗುರುತೇ ಸಿಗದಂತಾಗಿರುತ್ತದೆ.

ಆದರೆ ಗಾಯಕನು ಸಾಧಾರಣ ಗಾಂಧಾರದ ಮೇಲೆ ನಿಂತನೆನ್ನಿ. ಷಡ್ಜಕ್ಕೂ ಅದಕ್ಕೂ ಐದಕ್ಕೆ ಆರರ ಸಂಬಂಧ, ಮೊತ್ತ ಹನ್ನೊಂದು. ಆ ಹನ್ನೊಂದು ಬೀಳುವುದು ತಾರಸ್ಥಾಯಿಯ ಶುದ್ಧ ರಿಷಭಕ್ಕೂ ಚತುಶ್ರುತಿ ರಿಷಭಕ್ಕೂ ನಡುವೆ, ಯಾವ ಮೇಳಕರ್ತಕ್ಕೂ ಸೇರದ ಜಾಗದಲ್ಲಿ. ಹಾರ್ನಿನ ಮುಂದೆ ಈ ಅನಾಮಧೇಯ ಸ್ವರ ಕೇಳಿಸದಷ್ಟು ಸೂಕ್ಷ್ಮವಾಗಿರುತ್ತದೆ. ಚಿಕ್ಕ ಪೆಟ್ಟಿಗೆಯ ಮುಂದೆ, ವಾಲ್ವು ಶಕ್ತಿಯ ಅಂಚಿನಲ್ಲಿ ದುಡಿಯುವಾಗ, ಅದು ಗಾಯನದ ಮೇಲೆ ತೆಳ್ಳನೆಯ ಮಂಜಿನಂತೆ ಕವಿಯುತ್ತದೆ. ಇದನ್ನೇ ಕೆಲವರು ವಾಲ್ವಿನ ಬೆಚ್ಚನೆಯ ನಾದವೆಂದು ಹೊಗಳುತ್ತಾರೆ. ಪಾಶ್ಚಾತ್ಯ ವಾದ್ಯಮೇಳದಲ್ಲಾದರೋ ಏಕಕಾಲಕ್ಕೆ ನುಡಿಯುವ ಸ್ವರಗಳು ಅನೇಕ. ಜೊತೆಜೊತೆಗೂ ಒಂದು ಮೊತ್ತ, ಒಂದು ವ್ಯತ್ಯಾಸ. ಒಂಟಿ ಕಂಠಕ್ಕೂ ವೀಣೆಗೂ ಒಗ್ಗಿದ ಈ ಯಂತ್ರ ಬ್ರೂಕ್ನರನ ಸಿಂಫೋನಿಗೆ ಏಕೆ ಒಗ್ಗದೆಂಬುದಕ್ಕೆ ಇದಕ್ಕಿಂತ ಬೇರೆ ಕಾರಣ ಬೇಕಿಲ್ಲ.

ದಕ್ಷ ಸ್ಪೀಕರು ವಾಲ್ವಿನ ದೋಷಗಳನ್ನೆಲ್ಲ ಮುಚ್ಚುತ್ತದೆಂದು ಇದರಿಂದ ತಿಳಿಯಬಾರದು. ಒಂದನ್ನು ಅದು ಬಯಲಿಗೇ ಎಳೆಯುತ್ತದೆ. ತಂತುವನ್ನು ಎಸಿ ವಿದ್ಯುತ್ತಿನಿಂದ ಕಾಯಿಸಿದರೆ ಅದರ ೫೦ ಕಂಪನಗಳ ಗುಂಯ್‌ಕಾರ ಸಂಗೀತದೊಳಗೆ ನುಸುಳುತ್ತದೆ. ಒಂದು ಮಿಲಿವೋಲ್ಟಿನಷ್ಟು ಉಳಿದರೂ ಚಿಕ್ಕ ಪೆಟ್ಟಿಗೆ ಅದನ್ನು ನುಂಗಿಬಿಡುತ್ತದೆ. ಹಾರ್ನು ಮೂವತ್ತೈದು ಡೆಸಿಬೆಲ್ಲಾಗಿ ಮಾಡಿ ಮಧ್ಯರಾತ್ರಿಯಲ್ಲಿ ಹಿಂದಿರುಗಿಸುತ್ತದೆ. ತಂತುವಿನ ಎರಡು ತುದಿಗಳ ನಡುವೆ ಒಂದು ಚಿಕ್ಕ ಪಾಟ್, ಎಂದರೆ ತಿರುಗಿಸಿ ಹೊಂದಿಸುವ ರೋಧಕವನ್ನು, ಕಟ್ಟಿ, ಹಾರ್ನಿನ ಬಾಯಿಗೆ ಕಿವಿಯಿಟ್ಟು, ಸ್ಕ್ರೂಡ್ರೈವರನ್ನು ಕೂದಲೆಳೆಯಷ್ಟು ಅತ್ತ ಇತ್ತ ತಿರುಗಿಸುತ್ತ ಗುಂಯ್‌ಕಾರ ತಗ್ಗುವ ಬಿಂದುವನ್ನು ಹುಡುಕುವುದು ಈ ಪಂಥದವರ ನಿತ್ಯಕರ್ಮ. ತಗ್ಗುತ್ತದೆ, ಇಲ್ಲವಾಗುವುದಿಲ್ಲ. ಇನ್ನೊಂದು ದೋಷ ಇದಕ್ಕಿಂತ ಗಹನವಾದುದು. ಫೀಡ್‌ಬ್ಯಾಕಿಲ್ಲದ ೨ಎ೩, ಟ್ರಾನ್ಸ್‌ಫಾರ್ಮರಿನ ಮೂಲಕ ಸ್ಪೀಕರಿಗೆ ಸುಮಾರು ಎರಡೂವರೆ ಓಮ್ ಒಳರೋಧವುಳ್ಳ ಯಂತ್ರವಾಗಿ ಕಾಣುತ್ತದೆ. ಸ್ಪೀಕರಿನ ರೋಧ ಒಂದು ಸ್ಥಾಯಿಯಲ್ಲಿ ೫ ಓಮ್, ಮತ್ತೊಂದರಲ್ಲಿ ೩೦ ಓಮ್ ಆಗಿದ್ದರೆ ಧ್ವನಿಯಲ್ಲಿ ೩ ಡೆಸಿಬೆಲ್ಲಿನ ಏರುಪೇರು ತಾನಾಗಿಯೇ ಬರುತ್ತದೆ. ಒಂದೇ ಆಂಪ್ಲಿಫೈಯರು ಒಬ್ಬರ ಮನೆಯಲ್ಲಿ ಮಧುರವೆನಿಸಿ ಇನ್ನೊಬ್ಬರ ಮನೆಯಲ್ಲಿ ಗೊಗ್ಗರಾಗುವುದರ ಗುಟ್ಟು ಇದು. ವಾಲ್ವು ಯಾವ ಕಾರ್ಖಾನೆಯದು, ಯಾವ ವರ್ಷದ್ದು ಎಂಬ ಪಂಚಾಯಿತಿ ಆಮೇಲಿನ ಮಾತು.

ಹಣದ ವಿಷಯವನ್ನು ಹೇಳುವುದಾದರೆ, ಅದು ಹೋಗಬೇಕಾದ ಜಾಗ ಔಟ್‌ಪುಟ್ ಟ್ರಾನ್ಸ್‌ಫಾರ್ಮರು. ಅರವತ್ತು ಮಿಲಿಆಂಪಿಯರು ಸದಾ ಒಂದೇ ದಿಕ್ಕಿನಲ್ಲಿ ಹರಿದು ಕಬ್ಬಿಣವನ್ನು ಕಾಂತತೆಯಿಂದ ತುಂಬಿಬಿಡದಂತೆ ತಗಡುಗಳ ನಡುವೆ ಕಾಗದದಷ್ಟು ತೆಳುವಾದ ಸಂದು ಬಿಡಬೇಕು. ಸಂದು ಬಿಟ್ಟರೆ ಮಂದ್ರ ಕುಗ್ಗುತ್ತದೆ. ಕುಗ್ಗದಿರಲು ಕಬ್ಬಿಣ ಹೆಚ್ಚಬೇಕು. ಒಳ್ಳೆಯ ಟ್ರಾನ್ಸ್‌ಫಾರ್ಮರು ಕೈಯಲ್ಲಿ ಎತ್ತಿದರೇ ತಿಳಿಯುತ್ತದೆ. ಹಗುರವಾದುದನ್ನು ಹಾಕಿ, ಉಳಿದ ಹಣವನ್ನೆಲ್ಲ ಹಳೆಯ ವೆಸ್ಟರ್ನ್ ಎಲೆಕ್ಟ್ರಿಕ್ ಮುದ್ರೆಯ ವಾಲ್ವಿಗೂ ಬೆಳ್ಳಿಯ ತಂತಿಗೂ ಸುರಿಯುವುದು ಭಕ್ತಿಯಾದೀತು, ವಿವೇಕವಾಗದು.

ಈ ಬಗೆಯ ಶ್ರವಣ ನಮಗೆ ಅಪರಿಚಿತವೇನಲ್ಲ. ಜಾಲಹಳ್ಳಿಯ ಬಿ.ಇ.ಎಲ್. ಕಾರ್ಖಾನೆ ೧೯೬೦ರ ದಶಕದಲ್ಲಿ ರೇಡಿಯೋ ವಾಲ್ವುಗಳನ್ನು ತಯಾರಿಸುತ್ತಿದ್ದಾಗ ನಮ್ಮ ನಡುಮನೆಗಳ ರೇಡಿಯೋದೊಳಗಿದ್ದುದೂ ಒಂಟಿ ವಾಲ್ವಿನ ಮೂರು ನಾಲ್ಕು ವ್ಯಾಟು, ಹಗುರವಾದ ಕಾಗದದ ಕೋನು, ಹಿಂಬದಿ ತೆರೆದ ಮರದ ಪೆಟ್ಟಿಗೆ. ಅದು ಮೂರಂಗಗಳ ಟ್ರಯೋಡಲ್ಲ, ಐದಂಗಗಳ ಪೆಂಟೋಡು, ಹಾರ್ನೂ ಅಲ್ಲ. ಆದರೂ ಅಲ್ಪಶಕ್ತಿಗೆ ತಕ್ಕ ದಕ್ಷ ಸ್ಪೀಕರು ಎಂಬ ಹೊಂದಾಣಿಕೆ ಅಲ್ಲಿಯೂ ಇದ್ದಿತು. ಆ ಕಾಲದ ಆಕಾಶವಾಣಿಯ ಕಚೇರಿಗಳ ಧ್ವನಿಮುದ್ರಣಗಳು, ಚೌಡಯ್ಯನವರ ಪಿಟೀಲು, ದೊರೆಸ್ವಾಮಿ ಅಯ್ಯಂಗಾರರ ವೀಣೆ, ಇವೇ ಯಾರ ಸಂಗ್ರಹದ ಸಾರವೋ ಅವರಿಗೆ ಈ ಪದ್ಧತಿಯನ್ನು ನಾನು ಸಂಕೋಚವಿಲ್ಲದೆ ಶಿಫಾರಸು ಮಾಡಬಲ್ಲೆ. ಆ ಮುದ್ರಣಗಳು ಮೋನೋ. ಅವಕ್ಕೆ ಎರಡು ಸ್ಪೀಕರು ಬೇಕಿಲ್ಲ. ಜಪಾನಿನ ತತೆಯಾಮಾ ಎಂಬ ಕಡಲತೀರದ ಊರಿನಲ್ಲಿ ಉಪಾಹಾರಗೃಹ ನಡೆಸುತ್ತ ಆಂಪ್ಲಿಫೈಯರುಗಳನ್ನು ಕಟ್ಟಿದ ಸುಸುಮು ಸಕುಮಾ ಕೊನೆಯವರೆಗೂ ಮೋನೋವನ್ನು ಬಿಡಲಿಲ್ಲವೆಂಬುದು ಹಠವೆಂದು ತೋರಿದರೂ, ಹಾರ್ನಿನ ಗಾತ್ರವನ್ನು ನೆನೆದಾಗ ಅದರಲ್ಲಿ ವ್ಯವಹಾರಜ್ಞಾನವೂ ಇದೆ. ಒಂದು ೨ಎ೩, ಒಂದು ಭಾರವಾದ ಟ್ರಾನ್ಸ್‌ಫಾರ್ಮರು, ಒಂದೇ ಹಾರ್ನು. ಖರ್ಚು ಅರ್ಧ, ಹುಡುಕಬೇಕಾದ ಮೂಲೆಯೂ ಒಂದೇ.