ಎದೆ ಮೇಲಿನ ಸಂಚಿಗೆ ಎಷ್ಟು ಜೇಬು ಬೇಕು?

ಕಳೆದ ವರ್ಷ ನಾನು ಕೊಂಡ ಚೆಸ್ಟ್ ಪ್ಯಾಕಿಗೆ 11 ಜೇಬುಗಳಿದ್ದವು. ಕೊಳ್ಳುವಾಗ ಅದೇ ಅದರ ದೊಡ್ಡ ಗುಣ ಅನ್ನಿಸಿತ್ತು. ಬೆಂಗಳೂರಲ್ಲಿದ್ದಾಗ ಲ್ಯಾಪ್‌ಟಾಪ್ ಬ್ಯಾಗ್ ಆರಿಸುವಾಗಲೂ ನಾನು ಮೊದಲು ಎಣಿಸ್ತಿದ್ದದ್ದು ಜೇಬುಗಳನ್ನೇ. ಚಾರ್ಜರ್‌ಗೊಂದು, ಇಯರ್‌ಫೋನಿಗೊಂದು, ಐಡಿ ಕಾರ್ಡಿಗೊಂದು, ಯಾಕಿವೆ ಅಂತ ಗೊತ್ತಿಲ್ಲದವು ಇನ್ನೆರಡು. ಆಫೀಸಿನಲ್ಲಿ ಇದು ನಡೆಯುತ್ತೆ, ಯಾಕಂದ್ರೆ ಅಲ್ಲಿ ಲೈಟ್ ಇರುತ್ತೆ. ಟೆಕ್ಸಸ್‌ನ ಒಂದು ಹುಲ್ಲುಗಾವಲಿನಲ್ಲಿ, ರಾತ್ರಿ ಒಂದೂವರೆಗೆ, ಇದು ನಡೆಯಲಿಲ್ಲ.

ನಾನು ಅಲ್ಲಿ ಏನು ಮಾಡ್ತಿದ್ದೆ ಅಂತ ಮೊದಲು ಹೇಳಿಬಿಡ್ತೀನಿ. ನಮ್ಮಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಬೇಟೆ ಅನ್ನೋದು ಪುಸ್ತಕದ ಮಾತಾಯಿತು. ನನ್ನ ತಲೆಮಾರಿನ ಬಹಳ ಜನಕ್ಕೆ ಅದು ಗೊತ್ತಿರೋದು ಪೂರ್ಣಚಂದ್ರ ತೇಜಸ್ವಿ ಕನ್ನಡಕ್ಕೆ ತಂದ ಕೆನೆತ್ ಆಂಡರ್ಸನ್ ಕತೆಗಳಿಂದ. ಟೆಕ್ಸಸ್‌ನಲ್ಲಿ ವಿಷಯ ಬೇರೆ. 16ನೇ ಶತಮಾನದಲ್ಲಿ ಸ್ಪೇನಿನವರು ಅಮೆರಿಕಕ್ಕೆ ತಂದ ಸಾಕುಹಂದಿಗಳು ತಪ್ಪಿಸಿಕೊಂಡು ಕಾಡುಪಾಲಾದವು. ಮುಂದೆ ಬೇಟೆಗೆಂದೇ ತಂದು ಬಿಟ್ಟ ಯುರೋಪಿನ ಕಾಡುಹಂದಿಗಳ ಜೊತೆ ಬೆರೆತವು. ಈಗ ಅವು ಒಂದೇ ರಾತ್ರಿಯಲ್ಲಿ ಬೆಳೆಯನ್ನೂ ಹುಲ್ಲುಗಾವಲನ್ನೂ ನೇಗಿಲು ಹೊಡೆದ ಹಾಗೆ ಉತ್ತುಹಾಕ್ತವೆ. ಖಾಸಗಿ ಜಮೀನಿನಲ್ಲಿ ಮಾಲೀಕರ ಒಪ್ಪಿಗೆ ಇದ್ದರೆ ಅವನ್ನು ರಾತ್ರಿಯೂ ಹೊಡೆಯಬಹುದು. 2019ರಿಂದ ಅದಕ್ಕೆ ಬೇಟೆ ಲೈಸೆನ್ಸೂ ಬೇಡ.

ಆದರೆ ನಾನು ಎಚ್‌-1ಬಿ ವೀಸಾದವನು. ಫೆಡರಲ್ ಕಾನೂನಿನ ಪ್ರಕಾರ ನನ್ನಂಥವರು ಬಂದೂಕನ್ನಾಗಲಿ ಗುಂಡನ್ನಾಗಲಿ ಇಟ್ಟುಕೊಳ್ಳೋ ಹಾಗಿಲ್ಲ. ಬೇಟೆ ಲೈಸೆನ್ಸ್ ಇದ್ದವರಿಗೆ ವಿನಾಯಿತಿ ಉಂಟು, ನಾನು ಮಾಡಿಸಿಲ್ಲ, ಮಾಡಿಸೋ ಆಸೆಯೂ ಇಲ್ಲ. ಹಾಗಾಗಿ ನನ್ನದು ಸ್ಪಾಟರ್ ಕೆಲಸ. ಥರ್ಮಲ್ ಮೊನಾಕ್ಯುಲರ್ ಕಣ್ಣಿಗಿಟ್ಟು ಕತ್ತಲಲ್ಲಿ ಬಿಸಿಮೈಯ ಪ್ರಾಣಿಗಳನ್ನು ಹುಡುಕೋದು, ಏನು ಕಂಡಿತು ಅಂತ ಹೇಳೋದು. ಟ್ರೈಪಾಡ್ ಮೇಲೆ ರೈಫಲ್ ಇಟ್ಟು ಪಕ್ಕದಲ್ಲಿ ನಿಲ್ಲೋನು ನನ್ನ ಸಹೋದ್ಯೋಗಿ. ಜಮೀನು ಅವನ ಮಾವನದು.

ಆ ರಾತ್ರಿ ಬೇಲಿ ಪಕ್ಕದ ಎತ್ತರದ ಹುಲ್ಲಿನಲ್ಲಿ ನಾಲ್ಕು ಬಿಳಿ ಮುದ್ದೆಗಳು ಕಂಡವು. ಥರ್ಮಲ್ ತೋರಿಸೋದು ಬಿಸಿಯನ್ನು, ಬಣ್ಣವನ್ನಲ್ಲ. ಕಾಲು, ಮೂತಿ ಎಲ್ಲ ಹುಲ್ಲಿನಲ್ಲಿ ಮುಚ್ಚಿಹೋಗಿ ಬೆನ್ನಷ್ಟೇ ಕಾಣ್ತಿತ್ತು. ತಗ್ಗಾಗಿ, ದಪ್ಪಗೆ, ಗುಂಪಾಗಿ. ‘ಹಂದಿ’ ಅಂದೆ. ಅವನು ಟ್ರೈಪಾಡ್ ತಿರುಗಿಸಿದ. ಇನ್ನೊಮ್ಮೆ ನೋಡೋಣ ಅಂತ ಮೊನಾಕ್ಯುಲರ್ ಎತ್ತಿದರೆ ಅದು ಆಫ್. ಬ್ಯಾಟರಿ ಮುಗಿದಿತ್ತು.

ಆಮೇಲೆ ಶುರುವಾಯಿತು ನನ್ನ 11 ಜೇಬುಗಳ ಯಾತ್ರೆ. ಮೊದಲ ಜೇಬಿನ ವೆಲ್ಕ್ರೋ ಚರ್ರ್ ಅಂತ ಇಡೀ ಬಯಲಿಗೆ ಕೇಳೋ ಹಾಗೆ ಹರಿಯಿತು. ಒಳಗೆ ಅರ್ಧ ತಿಂದ ಚಿಕ್ಕಿ. ಎರಡನೆಯದರಲ್ಲಿ ಕಾರಿನ ಕೀ. ಮೂರನೆಯದರಲ್ಲಿ ಫೋನು, ಮುಟ್ಟಿದ ಕೂಡಲೇ ಅದರ ಪರದೆ ಮುಖಕ್ಕೆ ಹೊಡೆಯಿತು. ಕಣ್ಣು ಕತ್ತಲಿಗೆ ಪೂರ್ತಿ ಒಗ್ಗಲು ಅರ್ಧ ಗಂಟೆ ಹಿಡಿಯುತ್ತೆ, ಹಾಳಾಗಲು ಒಂದು ಕ್ಷಣ ಸಾಕು. ಕೊನೆಗೆ ಬ್ಯಾಟರಿ ಸಿಕ್ಕಿತು. ಹಾಕಿದೆ, ಆನ್ ಆಗಲಿಲ್ಲ. ಸಂಜೆ ತೆಗೆದಿಟ್ಟ ಖಾಲಿ ಬ್ಯಾಟರಿಯನ್ನೂ ಹೊಸದನ್ನೂ ಒಂದೇ ಜೇಬಿಗೆ ತುರುಕಿದ್ದೆ.

‘ಗ್ಯಾರಂಟಿನಾ?’ ಅಂತ ಅವನು ಪಿಸುಗುಟ್ಟಿದ. ಅವನ ಸ್ಕೋಪಿನಲ್ಲೂ ಬರೀ ಬೆನ್ನುಗಳೇ ಕಾಣ್ತಿದ್ದವು. ನಾನು ಉತ್ತರ ಕೊಡಲಿಲ್ಲ, ಅವನು ಕಾದ. ಹೊಸ ಬ್ಯಾಟರಿ ಹಾಕಿ ನೋಡೋ ಹೊತ್ತಿಗೆ ಒಂದು ಮುದ್ದೆ ಎದ್ದು ನಿಂತಿತು. ಉದ್ದ ಕಾಲು, ಉದ್ದ ಕತ್ತು. ಕರು. ನಾಲ್ಕೂ ಎಳೆಗರುಗಳು. ತಾಯಿ ಹಸುಗಳು ಮರಗಳ ಆಚೆ ಮೇಯ್ತಿದ್ದವು.

ಗೊತ್ತಿಲ್ಲದ್ದನ್ನು ಗೊತ್ತು ಅಂದದ್ದು ನನ್ನ ತಪ್ಪು, ಅದಕ್ಕೆ ಚೀಲವನ್ನು ಬೈಯೋದಿಲ್ಲ. ಆದರೆ ಆ ತಪ್ಪನ್ನು ತಿದ್ದಿಕೊಳ್ಳೋ ಎರಡು ನಿಮಿಷದಲ್ಲಿ ಚೀಲ ನನಗೆ ಅಡ್ಡ ಬಂತು. ಎದುರಿಗಿದ್ದವನು ಅವಸರದವನಾಗಿದ್ದರೆ? ಅವತ್ತಿನಿಂದ ಈ ಚೀಲಗಳನ್ನು ಬೇರೆ ಕಣ್ಣಿಂದ ನೋಡ್ತಿದ್ದೀನಿ.

ಚೆಸ್ಟ್ ಪ್ಯಾಕ್ ಅನ್ನೋ ಯೋಚನೆ ಮಾತ್ರ ಒಳ್ಳೆಯದೇ. ಬೆನ್ನಿನ ಚೀಲವನ್ನು ಇಳಿಸದೆ ಏನೂ ತೆಗೆಯಲಾಗಲ್ಲ. ಸೊಂಟದ್ದು ಕೂತರೆ ಒತ್ತುತ್ತೆ. ಎದೆ ಮೇಲಿನದು ನಿಂತಾಗಲೂ ಕೂತಾಗಲೂ ಎರಡೂ ಕೈಗೆ ಎಟುಕುತ್ತೆ. ಅಂಗಡಿಯಲ್ಲಿ ಸಿಗೋವು ಮುಖ್ಯವಾಗಿ ಮೂರು ಥರ: ಬೈನಾಕ್ಯುಲರ್ ಇಡಲು ಮುಚ್ಚಳವಿರೋ ಡಬ್ಬಿಯಂಥದ್ದು, ಎದೆಗೆ ಚಪ್ಪಟೆಯಾಗಿ ಅಂಟೋ ಜಿಪ್ ಚೀಲ, ಮತ್ತೆ ಸೈನಿಕರ ಮಾದರಿಯದು. ಮೂರನೆಯದರ ಮೈತುಂಬ ಮೋಲಿ ಪಟ್ಟಿಗಳ ಸಾಲು, ಬೇಕಾದಷ್ಟು ಜೇಬು ಸಿಕ್ಕಿಸಿಕೊಳ್ಳಬಹುದು. ಅಮೆರಿಕದ ಸೈನ್ಯಕ್ಕಾಗಿ ಮಾಡಿದ ಏರ್ಪಾಡು ಅದು. ಸೈನಿಕನಿಗೆ ಯಾವ ಜೇಬಿನಲ್ಲಿ ಏನಿರಬೇಕು ಅಂತ ತರಬೇತಿ ಇರುತ್ತೆ. ವೀಕೆಂಡ್ ಬೇಟೆಗಾರನಿಗೆ ಪಟ್ಟಿ ಮಾತ್ರ ಸಿಗುತ್ತೆ, ತರಬೇತಿ ಸಿಗಲ್ಲ. ನನ್ನದು ಇದೇ ಜಾತಿಯದು.

ಜಾಹೀರಾತಿನ ಫೋಟೋಗಳನ್ನು ನೋಡಿ. ಚೀಲವನ್ನು ಮೇಜಿನ ಮೇಲಿಟ್ಟು, ಸಾಮಾನನ್ನೆಲ್ಲ ಸುತ್ತ ಸಾಲಾಗಿ ಜೋಡಿಸಿ, ಮೇಲಿನಿಂದ ಒಳ್ಳೇ ಬೆಳಕಲ್ಲಿ ತೆಗೆದಿರ್ತಾರೆ. ರಾತ್ರಿ ಬೇಟೆಯ ಚೀಲವನ್ನು ಹಗಲಿನಲ್ಲಿ, ಕಣ್ಣಿಗೆ ಮಾರ್ತಾರೆ. ಬಳಸೋದು ಕತ್ತಲಲ್ಲಿ, ಬೆರಳಿನಿಂದ. ನನ್ನ ಮೊದಲ ತಕರಾರು ಇದೇ. ಫೋಟೋದಲ್ಲಿ ಮೆರೆಯೋ ಜೇಬುಗಳ ಲೆಕ್ಕ ಬೆರಳಿಗೆ ಬರೀ ಗೊಂದಲ.

ಎರಡನೇ ತಕರಾರು ಮುಚ್ಚಳದ್ದು. ವೆಲ್ಕ್ರೋ ಗದ್ದಲ ಮಾಡುತ್ತೆ, ಹಂದಿಯ ಕಿವಿ ಬಹಳ ಚುರುಕು. ಆಯಸ್ಕಾಂತದ ಮುಚ್ಚಳ ಮೆತ್ತಗೆ ಮುಚ್ಚುತ್ತೆ, ಆದರೆ ಪಕ್ಕದಲ್ಲಿ ದಿಕ್ಸೂಚಿ ಇಟ್ಟರೆ ಅದರ ಮುಳ್ಳು ದಾರಿ ತಪ್ಪುತ್ತೆ. ಜಿಪ್ಪನ್ನು ನಿಧಾನಕ್ಕೆ ಎಳೆದರೆ ಸದ್ದಿಲ್ಲ, ಆದರೆ ಅದರ ಲೋಹದ ತುದಿ ನಡೆಯುವಾಗ ಟಿಣ್ ಟಿಣ್ ಅನ್ನುತ್ತೆ. ಅದನ್ನು ಕಿತ್ತು ದಾರದ ಕುಣಿಕೆ ಹಾಕಬೇಕು. ಕುಣಿಕೆಗೆ ಗಂಟು ಹಾಕಿದರೆ ಇನ್ನೂ ಒಳ್ಳೆಯದು: ಒಂದು ಗಂಟು ಅಂದ್ರೆ ಬ್ಯಾಟರಿ, ಎರಡು ಅಂದ್ರೆ ಟಾರ್ಚು.

ಮೂರನೆಯದು ಪಟ್ಟಿ. ಎಲ್ಲಾ ಭಾರ ಕತ್ತಿನ ಮೇಲೆ ಬೀಳೋ ಚೀಲ ಎರಡು ಗಂಟೆಯಲ್ಲಿ ತಲೆನೋವು ತರುತ್ತೆ. ಬೆನ್ನ ಮೇಲೆ ಅಡ್ಡಡ್ಡ ಹಾಯೋ ಪಟ್ಟಿ ವಾಸಿ. ರೈಫಲ್ ಹಿಡಿಯೋರು ಇನ್ನೊಂದು ನೋಡಬೇಕು: ರೈಫಲ್ಲಿನ ಹಿಡಿ ಭುಜಕ್ಕೆ ಒತ್ತೋ ಜಾಗದಲ್ಲಿ ಬಕಲ್ ಬರಬಾರದು. ಇದನ್ನು ಅಂಗಡಿಯಲ್ಲೇ ಎತ್ತಿ ನೋಡಿದರೆ ಗೊತ್ತಾಗುತ್ತೆ, ಆನ್‌ಲೈನಲ್ಲಿ ಗೊತ್ತಾಗಲ್ಲ.

ಹಾಗಾದರೆ ಒಳ್ಳೆಯ ಚೀಲ ಹೇಗಿರಬೇಕು? ನನಗೆ ನೆನಪಾಗಿದ್ದು ತೀರ್ಥಹಳ್ಳಿ ಕಡೆಯ ನಮ್ಮಜ್ಜನ ಎಲೆಅಡಿಕೆ ಸಂಚಿ. ಭತ್ತ ತೆನೆಗೆ ಬಂದಾಗ ಹಂದಿ ಕಾಯಲು ಅಜ್ಜ ಗದ್ದೆ ಮಾಳಕ್ಕೆ ಹೋಗೋರು. ಬಂದೂಕಿಲ್ಲ, ಒಂದು ತಗಡಿನ ಡಬ್ಬ, ಒಂದು ಕೋಲು, ಈ ಸಂಚಿ. ಚಿಕ್ಕವನಿದ್ದಾಗ ಒಂದೆರಡು ಸಲ ಜೊತೆಗೆ ಹೋಗಿದ್ದೆ. ಕಪ್ಪು ಕತ್ತಲಲ್ಲಿ ದಾರ ಸಡಿಲಿಸಿ, ಒಂದು ಪದರದಿಂದ ಎಲೆ, ಇನ್ನೊಂದರಿಂದ ಅಡಿಕೆ, ಕೊನೆಗೆ ಸುಣ್ಣದ ಡಬ್ಬಿ. ಟಾರ್ಚ್ ಹಾಕಿದ್ದೇ ನೋಡಿಲ್ಲ. ‘ಕಾಣ್ಸುತ್ತಾ ಅಜ್ಜ?’ ಅಂದರೆ, ‘ಕಾಣೋದ್ಯಾಕೋ, ಇಟ್ಟಲ್ಲೇ ಇರ್ತದಲ್ಲ’ ಅನ್ನೋರು. ಸುಣ್ಣ ಹೆಚ್ಚಾದರೆ ಬಾಯಿ ಸುಡುತ್ತೆ, ಹಾಗಾಗಿ ಅಂದಾಜು ತಪ್ಪೋ ಹಾಗಿರಲಿಲ್ಲ. 17ನೇ ಶತಮಾನದ ಮೈಸೂರು ಅರಮನೆಯಲ್ಲಿ ಈ ಸಂಚಿ ಹಿಡಿಯೋದು ಒಂದು ಉದ್ಯೋಗವೇ ಆಗಿತ್ತು, ಕವಯಿತ್ರಿ ಸಂಚಿ ಹೊನ್ನಮ್ಮನ ಹೆಸರಿನಲ್ಲಿ ಅದು ಉಳಿದಿದೆ.

ಅಜ್ಜನ ಸಂಚಿಗೆ ಪದರಗಳಿದ್ದದ್ದು ಮೂರೋ ನಾಲ್ಕೋ. ಒಂದೊಂದರಲ್ಲಿ ಒಂದೇ ವಸ್ತು, ದಿನವೂ ಅದೇ ಜಾಗ. ಬೇರೇನೂ ಅದರೊಳಗೆ ಹೋಗ್ತಿರಲಿಲ್ಲ.

ಈಗ ನನ್ನ ಚೀಲ ಹೀಗಿದೆ. ಏಳು ಜೇಬು ಬಿಚ್ಚಿಹಾಕಿದೆ, ಉಳಿದದ್ದು ನಾಲ್ಕು. ನಡುವಿನ ದೊಡ್ಡದರಲ್ಲಿ ಮೊನಾಕ್ಯುಲರ್ ಮಾತ್ರ, ಬೀಳದ ಹಾಗೆ ಒಂದು ದಾರ. ಎಡಗಡೆ ತುಂಬಿದ ಬ್ಯಾಟರಿ. ಒಂದೊಂದೂ ಪ್ಲಾಸ್ಟಿಕ್ ಕವಚದಲ್ಲಿ, ಯಾಕಂದ್ರೆ 18650 ಲಿಥಿಯಂ ಬ್ಯಾಟರಿ ಬೀಗದ ಕೈಗೆ ತಾಗಿ ಶಾರ್ಟ್ ಆದರೆ ಎದೆ ಮೇಲೇ ಬೆಂಕಿ. ಖಾಲಿ ಬ್ಯಾಟರಿ ಚೀಲಕ್ಕೆ ವಾಪಸ್ ಬರೋದೇ ಇಲ್ಲ, ಪ್ಯಾಂಟಿನ ಬಲಜೇಬಿಗೆ. ಬಲಗಡೆ ಟಾರ್ಚು: ನಡೆಯಲು ಮಂದ ಕೆಂಪು, ಅನುಮಾನ ಬಂದಾಗ ಬಿಳಿ. ಬಿಳಿ ಬೆಳಕಿಗೆ ಹಂದಿ ಓಡಿಹೋಗುತ್ತೆ ಅಂತಾರೆ. ಓಡಲಿ ಬಿಡಿ, ಕರುವಿಗಿಂತ ಹಂದಿ ಓಡೋದು ವಾಸಿ. ಹೊರಗಿನ ಜೇಬಿನಲ್ಲಿ ರಕ್ತ ಕಟ್ಟೋ ಟೂರ್ನಿಕೇ ಪಟ್ಟಿ, ಯಾವ ಕೈಗಾದರೂ ಎಟುಕೋ ಹಾಗೆ. ಫೋನು, ಕೀ, ಚಿಕ್ಕಿ ಎಲ್ಲ ಬೆನ್ನ ಚೀಲಕ್ಕೆ. ಗುಂಡು ಕಾನೂನಿನಿಂದಲೇ ಇಲ್ಲ.

ನೀವು ಬೇಟೆಗೆ ಹೋಗೋರಲ್ಲ, ಗೊತ್ತು. ಆದರೆ ಮಳೆಗಾಲದಲ್ಲಿ ಆಗುಂಬೆಗೆ ಕಪ್ಪೆ ನೋಡಲು ಹೋಗ್ತೀರಿ, ನಕ್ಷತ್ರದ ಫೋಟೋ ತೆಗೆಯಲು ಕ್ಯಾಮೆರಾ ಹೊತ್ತುಕೊಂಡು ಊರಾಚೆ ಕೂರ್ತೀರಿ. ಚೀಲ ಕೊಳ್ಳೋ ಮೊದಲು ಒಂದು ಪರೀಕ್ಷೆ ಮಾಡಿ. ಬಾತ್‌ರೂಮಿಗೆ ಹೋಗಿ, ಲೈಟ್ ಆರಿಸಿ, ಚೀಲ ಎದೆಗೆ ಕಟ್ಟಿ, ಬ್ಯಾಟರಿ ಬದಲಿಸಿ. ಏನಾದರೂ ಕೈತಪ್ಪಿ ಬಿದ್ದರೆ, ಸದ್ದಾದರೆ, ಹುಡುಕಬೇಕಾಗಿ ಬಂದರೆ ವಾಪಸ್ ಕೊಟ್ಟುಬಿಡಿ. ನನ್ನ ಹೆಂಡತಿ ಹೊರಗಿಂದ ಬಾಗಿಲು ಬಡಿದು ‘ಏನ್ರೀ ಮಾಡ್ತಿದ್ದೀರಾ ಒಳಗೆ?’ ಅಂದಳು. ಅಷ್ಟರಲ್ಲಿ ನನ್ನದು ಮುಗಿದಿತ್ತು.

ಮೊನ್ನೆ ಮತ್ತೆ ಅದೇ ಹುಲ್ಲುಗಾವಲಿಗೆ ಹೋಗಿದ್ವಿ. ಹಳ್ಳದ ಪಕ್ಕ ಐದಾರು ಬಿಳಿ ಬೆನ್ನು ಕಂಡವು, ಬ್ಯಾಟರಿಯ ಕೊನೆ ಗೀಟು ಮಿಣುಕ್ತಿತ್ತು. ‘ಏನದು?’ ಅಂದ. ‘ಗೊತ್ತಿಲ್ಲ, ತಡಿ’ ಅಂದೆ. ನೋಡದೇ ಬ್ಯಾಟರಿ ಬದಲಿಸಿ ಮತ್ತೆ ಕಣ್ಣಿಗಿಟ್ಟೆ. ಮೂತಿ ನೆಲಕ್ಕೆ ಊರಿಕೊಂಡು ನಡೆಯುತ್ತಿದ್ದವು, ಹಂದಿಗಳೇ. ಹೇಳುವಷ್ಟರಲ್ಲಿ ಹಳ್ಳ ದಾಟಿ ಪೊದೆ ಸೇರಿಬಿಟ್ಟವು. ಅವನು ರೈಫಲ್ ಇಳಿಸಿ, ‘ಪರವಾಗಿಲ್ಲ, ಕಾಫಿ ಇದೆಯಾ?’ ಅಂದ. ಇತ್ತು. ಬೆನ್ನ ಚೀಲದಲ್ಲಿ.