ಮರಳಿನಲ್ಲಿ ದಾರಿ ತಪ್ಪಿದವನ ಕಥೆ

ಮಲೆಯಾಳದ ಬೆನ್ಯಾಮಿನ್ ಅವರ ‘ಆಡುಜೀವಿತಂ’ ಕಾದಂಬರಿ 2008ರಲ್ಲಿ ಪ್ರಕಟವಾಯಿತು. 2009ರ ಕೇರಳ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಅದಕ್ಕೆ ಸಂದಿತು. ಕೃತಿ ಕನ್ನಡಕ್ಕೂ ಬಂತು. 2024ರಲ್ಲಿ ಬ್ಲೆಸ್ಸಿಯವರ ಚಲನಚಿತ್ರ ತೆರೆಕಂಡ ಮೇಲಂತೂ ಅದರ ಹೆಸರು ಮನೆಮಾತಾಗಿದೆ. ಚಿತ್ರ ನೋಡಿದವರು ನೆನೆಯುವುದು ಮರುಭೂಮಿಯ ಬಿಸಿಲನ್ನು. ಕಾದಂಬರಿಯನ್ನು ಓದಿದರೆ ಮಾತ್ರ, ಕಥಾನಾಯಕ ನಜೀಬನ ದಾರಿ ತಪ್ಪಿದ್ದು ರಿಯಾದಿನ ವಿಮಾನ ನಿಲ್ದಾಣದಲ್ಲೇ ಎಂಬುದು ಹೊಳೆಯುತ್ತದೆ.

ಕಟ್ಟಡದ ಕೆಲಸವೆಂದು ನಂಬಿ ಹೋದವನನ್ನು ಯಾರೋ ಒಬ್ಬ ಅರಬ ತನ್ನ ಗಾಡಿಗೆ ಹತ್ತಿಸಿಕೊಳ್ಳುತ್ತಾನೆ. ‘ನೀನು ನನ್ನ ಧಣಿಯೇ?’ ಎಂದು ಕೇಳಲು ನಜೀಬನಿಗೆ ಭಾಷೆಯಿಲ್ಲ. ಆ ಒಂದು ಪ್ರಶ್ನೆಗೆ ಅವನು ತೆತ್ತ ಬೆಲೆ, ಆಡುಗಳ ನಡುವೆ ಮೂರು ವರ್ಷಕ್ಕೂ ಮಿಕ್ಕಿದ ಜೀತ.

ಊರಿನಲ್ಲಿ ಅವನು ಹೊಳೆಯಲ್ಲಿ ಮುಳುಗಿ ಹೊಯಿಗೆ ತೆಗೆಯುತ್ತಿದ್ದವನು. ಪಂಚಗಂಗಾವಳಿಯ ದಡದ ನಮಗೆ ಆ ಕಸುಬಿನ ಪರಿಚಯವುಂಟು. ನೀರಿನೊಳಗಿಂದ ಮರಳೆತ್ತಿದವನಿಗೆ ಮರಳಿನ ನಡುವೆ ಮೈ ತೊಳೆಯಲೂ ನೀರಿಲ್ಲ. ಇದಕ್ಕಿಂತ ದೊಡ್ಡ ವ್ಯಂಗ್ಯವನ್ನು ಯಾವ ಕವಿಯೂ ಕಟ್ಟಬೇಕಾಗಿಲ್ಲ.

ಹಕೀಂ, ಸೊಮಾಲಿಯದ ಇಬ್ರಾಹಿಂ ಖಾದಿರಿ ಇವರೊಡನೆ ನಜೀಬ ತಪ್ಪಿಸಿಕೊಂಡು ಹೊರಡುವ ಅಧ್ಯಾಯಗಳೇ ಕೃತಿಯ ಜೀವಾಳ. ನಮ್ಮ ಹಳೆಯ ಕಾವ್ಯಗಳ ಅಷ್ಟಾದಶ ವರ್ಣನೆಗಳಲ್ಲಿ ಋತುವರ್ಣನೆಯೂ ಸೇರಿತ್ತು. ಅಲ್ಲಿ ಬೇಸಗೆಯ ಉರಿ ಅಲಂಕಾರಕ್ಕೆ ಒದಗುತ್ತಿತ್ತು. ಇಲ್ಲಿ ಬಿಸಿಲು ಮೈಯಲ್ಲಿ ನಡೆಯುವ ಸಂಗತಿ. ಬಾಯಾರಿ ಬುದ್ಧಿ ಕಲಕಿದ ಹಕೀಂ ಮರಳನ್ನೇ ತಿಂದು ಸಾಯುತ್ತಾನೆ. ಕೊನೆಗೆ ನೀರು ಸಿಕ್ಕಾಗ ಇಬ್ರಾಹಿಂ ನಜೀಬನನ್ನು ಗಟಗಟನೆ ಕುಡಿಯಗೊಡದೆ, ಬಟ್ಟೆಯನ್ನು ಅದ್ದಿ ತುಟಿಗೆ ಒತ್ತುತ್ತಾನೆ. ಮರುಭೂಮಿಯನ್ನು ಬಲ್ಲವನ ಜ್ಞಾನವೆಂದರೆ ಇದು.

ಅಂಥ ಇಬ್ರಾಹಿಮನನ್ನು ಲೇಖಕರು ಮುಂದೆ ಪವಾಡವೆಂಬಂತೆ ಮಾಯಮಾಡಿಬಿಡುತ್ತಾರೆ. ಕೃತಿಯ ದೌರ್ಬಲ್ಯ ಇರುವುದು ಇಲ್ಲಿಯೇ. ಅವನೂ ನಜೀಬನಂತೆ ಬಡ ಕೂಲಿಯಾಳು. ಅವನನ್ನು ದೇವದೂತನನ್ನಾಗಿಸಿದರೆ ಅವನ ಅನುಭವದ ಹಿರಿಮೆಯೇ ಕಳೆದುಹೋಗುತ್ತದೆ.

ಆದರೆ ಮುಕ್ತಾಯ ಈ ಕೊರತೆಯನ್ನು ತುಂಬಿಕೊಡುತ್ತದೆ. ಸೆರೆಮನೆಗೆ ಬಂದ ಧಣಿ ನಜೀಬನನ್ನು ಕಂಡೂ ಬಿಟ್ಟುಹೋಗುತ್ತಾನೆ. ಅವನು ಆ ಧಣಿಯ ವೀಸಾದ ಆಳೇ ಅಲ್ಲ! ನಿಲ್ದಾಣದ ತಪ್ಪೇ ಸೆರೆಯಾಗಿ, ಅದೇ ಬಿಡುಗಡೆಯೂ ಆಗುವ ಈ ಘಟನೆಯಲ್ಲಿ ಪವಾಡದ ಹಂಗಿಲ್ಲ.

ಕೋಟದ ಕಡಲಕರೆಯ ಬಾಳನ್ನು ಚಿತ್ರಿಸಿದ ಕಾರಂತರ ‘ಮರಳಿ ಮಣ್ಣಿಗೆ’ಯ ರಾಮ ಓದಿದವನು, ಪರವೂರಿನಲ್ಲಿ ದಾರಿ ಕೇಳುವ ಮಾತು ಅವನ ಬಾಯಲ್ಲಿತ್ತು. ನಜೀಬನಿಗೆ ಅದೂ ಇರಲಿಲ್ಲ. ಕುಂದಾಪುರ, ಬೈಂದೂರು, ಬ್ರಹ್ಮಾವರಗಳಿಂದಲೂ ಕೊಲ್ಲಿ ನಾಡುಗಳಿಗೆ ಹೋದವರು ಅನೇಕರು. ಹಬ್ಬಕ್ಕೆ ಬಂದಾಗ ಅವರು ತಂದ ಅತ್ತರು, ಗಡಿಯಾರಗಳನ್ನು ನಾವು ಕಂಡಿದ್ದೇವೆ. ಅಲ್ಲಿ ಅವರನ್ನು ಎದುರುಗೊಂಡವರು ಯಾರೆಂದು ಎಷ್ಟು ಮಂದಿ ಕೇಳಿದ್ದೇವೆ? ಮಗನನ್ನು ವಿಮಾನ ಹತ್ತಿಸುವ ಪ್ರತಿಯೊಂದು ಮನೆಯಲ್ಲೂ ಈ ಪುಸ್ತಕ ಇರತಕ್ಕದ್ದು.