ಕಾಣದ ಬಾಣ

ಟಿ. ದಾಸರಹಳ್ಳಿ ಮೆಟ್ರೋ ಇಳಿದು ಪೀಣ್ಯದ ಗಲ್ಲಿ ಹೊಕ್ಕರೆ ಯಾವ ವರ್ಕ್‌ಶಾಪಿನಲ್ಲೂ ಡ್ರಾಯಿಂಗ್ ನೋಡದೆ ಜಾಬ್ ಲೇತಿಗೆ ಏರುವುದಿಲ್ಲ. ಕಾಗದದ ಮೇಲಿನ ತಪ್ಪು ಅಳತೆಗೆ ರಬ್ಬರ್ ಸಾಕು; ಕಬ್ಬಿಣಕ್ಕೆ ಇಳಿದ ಮೇಲೆ ಸ್ಕ್ರ್ಯಾಪೇ ಗತಿ.

ಸಾಫ್ಟ್‌ವೇರಿನಲ್ಲಿ ಈ ಎಚ್ಚರಕ್ಕೊಂದು ಶಿಸ್ತು ತಂದವರು ಐಬಿಎಂನ ಮೈಕೆಲ್ ಫೇಗನ್. ಅವರ ಪ್ರಬಂಧ ಬಂದದ್ದು 1976ರಲ್ಲಿ. ವಿನ್ಯಾಸ ಮಾಡಿದವರು, ಕೋಡ್ ಬರೆಯುವವರು, ಟೆಸ್ಟ್ ಮಾಡುವವರು, ನಡೆಸಿಕೊಡಲು ಒಬ್ಬ ಮಾಡರೇಟರ್. ಎಲ್ಲರೂ ಮೊದಲೇ ಓದಿಕೊಂಡು ಬಂದು ಕೂರಬೇಕು. ತಪ್ಪು ಹುಡುಕಬೇಕು, ಅಲ್ಲೇ ರಿಪೇರಿಗೆ ಇಳಿಯಕೂಡದು. ಎಂಜಿನಿಯರುಗಳಿಗೆ ಇದಕ್ಕಿಂತ ದೊಡ್ಡ ವ್ರತವಿಲ್ಲ!

ಹೀಗೆ ಕೂತು ಓದುವ ಚಿತ್ರಗಳಲ್ಲಿ ನನ್ನ ರುಚಿ ಸ್ಟೇಟ್ ಡಯಾಗ್ರಾಮಿನದು: ಯಂತ್ರದ ಒಂದೊಂದು ಸ್ಥಿತಿಗೆ ಒಂದೊಂದು ಚೌಕ, ಸ್ಥಿತಿ ಬದಲಾದರೆ ಬಾಣ. ಒಂದು ಪವರ್ ಪ್ರೆಸ್ ಅಂದುಕೊಳ್ಳಿ. 'ನಿಂತಿದೆ', 'ಇಳಿಯುತ್ತಿದೆ', 'ಏರುತ್ತಿದೆ': ಮೂರು ಚೌಕ, ನಡುವೆ ಬಾಣಗಳು. ಎರಡೂ ಕೈಯಲ್ಲಿ ಎರಡು ಗುಂಡಿ ಒತ್ತಿ ಹಿಡಿದರೆ ಪ್ರೆಸ್ ಇಳಿಯುತ್ತದೆ, ತಳ ಮುಟ್ಟಿ ಏರುತ್ತದೆ, ನಿಲ್ಲುತ್ತದೆ. ನೋಡಲು ಮುದ್ದಾಗಿದೆ. ಈಗ ಎರಡನೆಯ ಚೌಕದ ಮೇಲೆ ಬೆರಳಿಟ್ಟು ಕೇಳಿ: ಇಲ್ಲಿರುವಾಗ ಆಪರೇಟರ್ ಒಂದು ಕೈ ತೆಗೆದರೆ? ಬಾಣವೇ ಇಲ್ಲ. ಬರೆದದ್ದನ್ನಷ್ಟೇ ಓದುವ ಕಣ್ಣಿಗೆ ಚಿತ್ರ ಸರಿಯಾಗಿಯೇ ಇರುತ್ತದೆ. ಆ ಖಾಲಿ ಜಾಗ ಹಾಗೇ ಕೋಡಿಗೆ ಇಳಿದರೆ, ಬೆಲೆ ತೆರುವುದು ಆ ತೆಗೆದ ಕೈ.

ಎರಡು ಚಿತ್ರಗಳನ್ನು ಜೋಡಿ ಇಟ್ಟು ಓದುವುದು ಇನ್ನೊಂದು ಸುಖ. ಪ್ರೋಗ್ರಾಮಿನ ಭಾಗಗಳ ಮಾತುಕತೆಯನ್ನು ತೋರಿಸುವ ಸೀಕ್ವೆನ್ಸ್ ಡಯಾಗ್ರಾಮಿನಲ್ಲಿ ಒಬ್ಬ ಇನ್ನೊಬ್ಬನನ್ನು ಕರೆಯುತ್ತಾನೆ. ಆ ಭಾಗಗಳ ಪಟ್ಟಿಯಾದ ಕ್ಲಾಸ್ ಡಯಾಗ್ರಾಮಿನಲ್ಲಿ ಆ ಹೆಸರಿಗೆ ಓಗೊಡುವವರೇ ಇರುವುದಿಲ್ಲ.

ಪೀಣ್ಯದಲ್ಲೇ ಇರುವ ಇಸ್ರೊದ ನಿಯಂತ್ರಣ ಕೇಂದ್ರ ಇಸ್ಟ್ರಾಕ್‌ನಿಂದ 2023ರ ಆಗಸ್ಟ್ 23ರ ಸಂಜೆ ಚಂದ್ರಯಾನ-3ರ ಇಳಿಯುವಿಕೆಯನ್ನು ದೇಶವೇ ಉಸಿರು ಬಿಗಿಹಿಡಿದು ನೋಡಿತು. 2019ರಲ್ಲಿ ಹಿಂದಿನ ಲ್ಯಾಂಡರ್ ಕೈತಪ್ಪಿತ್ತು. ಈ ಸಲದ ವಿನ್ಯಾಸ ಸೋಲನ್ನೇ ಆಧಾರವಾಗಿ ಇಟ್ಟುಕೊಂಡದ್ದು ಎಂದು ಆಗಿನ ಇಸ್ರೊ ಅಧ್ಯಕ್ಷ ಎಸ್. ಸೋಮನಾಥ್ ವಿವರಿಸಿದ್ದರು. ಸೆನ್ಸರ್ ಕೈಕೊಟ್ಟರೆ? ಎಂಜಿನ್ ಕೆಟ್ಟರೆ? ಅಂದುಕೊಂಡ ಜಾಗ ತಪ್ಪಿದರೆ? ಇಳಿಯುವ ಜಾಗವನ್ನು 500 ಮೀಟರ್ ಚೌಕದಿಂದ 4 ಕಿ.ಮೀ. ಉದ್ದ, 2.4 ಕಿ.ಮೀ. ಅಗಲಕ್ಕೆ ಹಿಗ್ಗಿಸಿದ್ದು ಕೊನೆಯ ಪ್ರಶ್ನೆಗೆ. ಪ್ರೆಸ್ಸಿನ ಎರಡನೆಯ ಚೌಕಕ್ಕೆ ಕೇಳಿದ್ದೂ ಇದೇ ಜಾತಿಯ ಪ್ರಶ್ನೆ.

ಈ ವಾರ ನಿಮ್ಮ ಅಪಾರ್ಟ್‌ಮೆಂಟಿನ ಲಿಫ್ಟಿನದೊಂದು ಚಿತ್ರ ಬರೆದು ನೋಡಿ. ಬಾಗಿಲು ಮುಚ್ಚುವಾಗ ಯಾರಾದರೂ ಕಾಲಿಟ್ಟರೆ ಎಂಬ ಬಾಣವನ್ನು ಎಲ್ಲರೂ ಹಾಕುತ್ತಾರೆ. ಅದೇ ಗಳಿಗೆಗೆ ಕರೆಂಟೂ ಹೋದರೆ?